ವರಾಛಾದ ಬಿಸಿಲುಮಚ್ಚಿಗೆ ಮಾಗಿಯ ಸಿಂಗಾರ

ದೀಪಾವಳಿಯ ರಜೆಗೆಂದು ಸೌರಾಷ್ಟ್ರದ ತಮ್ಮ ಹಳ್ಳಿಗಳಿಗೆ ತೆರಳಿದ್ದ ವಜ್ರದ ಕೆಲಸಗಾರರು ಸಂಸಾರ ಸಮೇತರಾಗಿ ಮರಳಿ ಬಂದಿದ್ದಾರೆ. ಕೆಲವು ವಾರಗಳ ಕಾಲ ಬಿಕೋ ಎನ್ನುತ್ತಿದ್ದ ವರಾಛಾದ ಬೀದಿಗಳು ಮತ್ತೆ ಗಿಜಿಗುಟ್ಟತೊಡಗಿವೆ. ಬೆಳಗಿನ ಜಾವದಲ್ಲಿ ಕಾಲಬುಡದ ಹೊದಿಕೆಯನ್ನು ಕೊರಳಿನವರೆಗೆ ಎಳೆದುಕೊಳ್ಳುವಂತಾಗಿದೆ. ತಾಪಿಯ ಮೇಲಿನಿಂದ ಬೀಸುವ ಗಾಳಿಯಲ್ಲಿ ಮಳೆಗಾಲದ ಜಿಗುಟು ಉಳಿದಿಲ್ಲ. ಮಾಗಿ ಬಂದಿತೆಂದು ಹೇಳಲು ಇಲ್ಲಿ ಇಷ್ಟು ಸಾಕು.

ಸೂರತ್ತಿನ ಚಳಿ ದೊಡ್ಡ ಚಳಿಯೇನೂ ಅಲ್ಲ. ಜನವರಿಯ ರಾತ್ರಿಗಳಲ್ಲಿಯೂ ಉಷ್ಣತೆ ಸರಾಸರಿ 15 ಡಿಗ್ರಿಯ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಮಧ್ಯಾಹ್ನಕ್ಕೆ 30ನ್ನು ಮುಟ್ಟುತ್ತದೆ. ಮಡಿಕೇರಿಯ ಕಡೆಯವರು ಇದನ್ನು ಚಳಿಯೆಂದು ಕರೆಯಲಿಕ್ಕೇ ಒಪ್ಪಲಾರರು. ಆದರೆ ಈ ಊರಿನಲ್ಲಿ ಮನುಷ್ಯನು ನೆಮ್ಮದಿಯಿಂದ ಬಯಲಿನಲ್ಲಿ ಕುಳಿತುಕೊಳ್ಳಬಹುದಾದ ಕಾಲವೆಂದರೆ ಇದೊಂದೇ. ಜೂನ್ ತಿಂಗಳಿನಿಂದ ಸೆಪ್ಟೆಂಬರ್ ಮುಗಿಯುವವರೆಗೆ ಮಳೆ, ಅಕ್ಟೋಬರಿನಲ್ಲಿ ಸೆಕೆ, ಮಾರ್ಚ್ ಕಳೆಯಿತೆಂದರೆ ಕಾದ ಹೆಂಚಿನಂತಾಗುವ ಮಾಳಿಗೆ. ಉಳಿಯುವುದು ಕೆಲವೇ ತಿಂಗಳು. ಊರಿನಲ್ಲಿ ಅಂಗಳ, ಜಗಲಿ, ಹಿತ್ತಿಲುಗಳನ್ನು ಬಿಟ್ಟು ಬಂದ ನಮ್ಮ ಜನಕ್ಕೆ ಈ ತಿಂಗಳುಗಳ ಬೆಲೆ ಎಷ್ಟೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಿದ್ದರೂ ವರಾಛಾದಲ್ಲಿ ನಾವು ಕಂಡ ಕನ್ನಡ ಮನೆಗಳಲ್ಲಿ ಹೆಚ್ಚಿನವು ಮಾಗಿಯಲ್ಲಿಯೂ ಬಾಗಿಲು ಮುಚ್ಚಿಕೊಂಡೇ ಇರುತ್ತವೆ. ನೆಲದ ಮೇಲೆ ಅಂಗಳವಿಲ್ಲ, ಸರಿ. ತಲೆಯ ಮೇಲೆ ವಿಶಾಲವಾದ ಬಿಸಿಲುಮಚ್ಚು ಇದೆಯಲ್ಲ! ಸ್ಥಳೀಯರು ಅದನ್ನು ‘ಅಗಾಶಿ’ ಎನ್ನುತ್ತಾರೆ. ಅಲ್ಲಿಗೆ ಏಕೆ ಹೋಗುವುದಿಲ್ಲವೆಂದು ವಿಚಾರಿಸಿದಾಗ ಒಂದೇ ಉತ್ತರ ಬಂದಿತು: ‘ಬೀಗ ಹಾಕಿರುತ್ತಾರೆ, ಕೀಲಿಕೈ ಸೊಸೈಟಿಯವರ ಬಳಿ ಇದೆ.’ ಕೇಳಿದಿರಾ ಎಂದರೆ ಕೇಳಿಲ್ಲ. ಬಾಡಿಗೆಯವರು, ಪರಭಾಷೆಯವರು, ಕೇಳಿದರೆ ಏನೆಂದುಕೊಂಡಾರೋ ಎಂಬ ಸಂಕೋಚ. ಹತ್ತು ವರ್ಷ ಒಂದೇ ಕಟ್ಟಡದಲ್ಲಿದ್ದು ಅದರ ಮಾಳಿಗೆಯನ್ನು ನೋಡದವರೂ ನಮ್ಮಲ್ಲಿದ್ದಾರೆ. ಆದುದರಿಂದ ಮಾಗಿಯ ಸಿದ್ಧತೆಯಲ್ಲಿ ಮೊದಲನೆಯ ಕೆಲಸ ಹೂವಿನ ಕುಂಡ ತರುವುದಲ್ಲ. ಹೋಗಿ ಕೀಲಿಕೈ ಕೇಳುವುದು. ಬೀಗ ಹಾಕುವವರಿಗೂ ಅವರದೇ ಕಾರಣಗಳಿರುತ್ತವೆ. ಮಕ್ಕಳು ಬಿದ್ದಾರೆಂಬ ಭಯ, ನೀರಿನ ತೊಟ್ಟಿ ಕೊಳೆಯಾದೀತೆಂಬ ಚಿಂತೆ. ಆ ಎರಡನ್ನೂ ನಾವು ನೋಡಿಕೊಳ್ಳುತ್ತೇವೆಂದು ಒಪ್ಪಿಕೊಂಡು ಕೇಳಿದರೆ ಇಲ್ಲವೆನ್ನುವವರು ಕಡಿಮೆ.

ಮೊನ್ನೆ ಒಂದು ನಾಲ್ಕು ಮಹಡಿಯ ಕಟ್ಟಡದಲ್ಲಿ ಕಂಡುದನ್ನು ಇಲ್ಲಿ ಹೇಳಬೇಕು. ಗುಜರಾತಿನವರು ತುಳಸಿಯ ವಿವಾಹವನ್ನು ಕಾರ್ತಿಕ ಶುದ್ಧ ಏಕಾದಶಿಯಂದು ಮಾಡುತ್ತಾರೆ. ನಮ್ಮಲ್ಲಿ ಅದು ಮರುದಿನ, ಉತ್ಥಾನ ದ್ವಾದಶಿಗೆ. ಮಾಳಿಗೆಯ ಒಂದು ಮೂಲೆಯಲ್ಲಿ ನಾಲ್ಕು ಕಬ್ಬಿನ ಜಲ್ಲೆಗಳನ್ನು ನಿಲ್ಲಿಸಿ ಮಂಟಪ ಕಟ್ಟಿ ನೆರೆಯವರು ಮದುವೆ ಮುಗಿಸಿದ್ದರು. ಕೆಳಗಿನ ಮಹಡಿಯಲ್ಲಿರುವ ವಿಜಯಪುರ ಕಡೆಯ ಗೃಹಿಣಿಯೊಬ್ಬರು ಪಾತ್ರೆಗಳನ್ನು ಇಳಿಸಲು ನೆರವಾಗುತ್ತ ಕಬ್ಬನ್ನೂ ಬಿಚ್ಚಲು ಕೈಹಾಕಿದಾಗ ಮನೆಯ ಹಿರಿಯ ಹೆಂಗಸು ತಡೆದರು: ‘ಇರಲಿ ಬಿಡು ಮಗಳೇ. ನಾಳೆ ನಿನ್ನ ತುಳಸಿಗೂ ಮದುವೆ ಎನ್ನುತ್ತಿದ್ದೆಯಲ್ಲ?’ ‘ಹೌದು ಬಾ, ಆದರೆ ನಮ್ಮಲ್ಲಿ ನೆಲ್ಲಿಯ ಕೊಂಬೆಯೂ ಬೇಕು’ ಎಂದರು ಇವರು. ಮರುದಿನ ಬೆಳಿಗ್ಗೆ ಆ ಮನೆಯ ಮೊಮ್ಮಗನೇ ಎಲ್ಲಿಂದಲೋ ಕಾಯಿ ಸಮೇತವಾದ ನೆಲ್ಲಿಯ ಕೊಂಬೆ ತಂದುಕೊಟ್ಟನು. ಒಂದೇ ಮಂಟಪದಲ್ಲಿ ಎರಡು ದಿನ ಎರಡು ಮದುವೆ. ಆ ಸಂಜೆಯಿಂದ ಮಾಳಿಗೆಯ ಕೀಲಿಕೈ ಮೆಟ್ಟಿಲ ಬಳಿಯ ಮೊಳೆಗೆ ಬಂದು, ಬೇಕಾದವರು ತೆಗೆದುಕೊಳ್ಳುವಂತೆ ತೂಗುತ್ತಿದೆ.

ಇನ್ನು ಕೆಲಸದ ಮಾತು. ಮಳೆಗಾಲ ಕಳೆದ ಮಾಳಿಗೆಯ ಮೇಲೆ ಪಾಚಿ ಕಟ್ಟಿರುತ್ತದೆ. ಒಣಗಿದಾಗ ಕಪ್ಪು ಕಲೆಯಂತೆ ಕಾಣುವ ಇದು ಇಬ್ಬನಿ ಬಿದ್ದರೆ ಮತ್ತೆ ಜಾರುತ್ತದೆ. ಮುದುಕರೂ ಮಕ್ಕಳೂ ಬರುವ ಸ್ಥಳವಾದ್ದರಿಂದ ಇದನ್ನು ಗಟ್ಟಿ ಪೊರಕೆಯಿಂದ ಉಜ್ಜಿ ತೊಳೆಯದೆ ಬೇರೇನನ್ನೂ ಮಾಡತಕ್ಕದ್ದಲ್ಲ. ನೀರು ಹೋಗುವ ಕಿಂಡಿಗಳನ್ನು ಬಿಡಿಸುವುದು, ಹಳೆಯ ಡಬ್ಬ ಟೈರುಗಳನ್ನು ಸಾಗಿಸುವುದು ಅದೇ ದಿನ ಆಗಬೇಕು. ಡೆಂಗ್ಯೂ ಹರಡುವ ಸೊಳ್ಳೆ ಇಂತಹ ತಿಳಿನೀರಿನಲ್ಲಿಯೇ ಮೊಟ್ಟೆಯಿಡುತ್ತದೆ; ಮೊಟ್ಟೆ ಸೊಳ್ಳೆಯಾಗಿ ಹಾರಲು ಒಂದು ವಾರ ಹತ್ತು ದಿನ ಸಾಕು. ಕುಂಡಗಳ ಅಡಿಯ ತಟ್ಟೆಗಳನ್ನು ವಾರಕ್ಕೊಮ್ಮೆ ತಪ್ಪದೆ ಬರಿದು ಮಾಡಬೇಕು.

ಕುಂಡಗಳನ್ನು ಎಲ್ಲಿ ಇಡಬೇಕೆಂಬುದರಲ್ಲಿ ನಮ್ಮವರು ಬಹಳವಾಗಿ ತಪ್ಪುತ್ತಾರೆ. ಮಾಳಿಗೆಯೆಂದರೆ ಎಲ್ಲ ಕಡೆಯೂ ಒಂದೇ ಬಿಸಿಲೆಂದು ತಿಳಿಯುವುದು ಸಹಜ. ಆದರೆ ಸೂರತ್ ಭೂಮಧ್ಯರೇಖೆಯಿಂದ ಉತ್ತರಕ್ಕೆ 21 ಡಿಗ್ರಿಗೂ ತುಸು ಆಚೆ ಇದೆ. ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನಲ್ಲಿಯೂ ಸೂರ್ಯನು ಇಲ್ಲಿ ದಕ್ಷಿಣದ ಆಕಾಶದಲ್ಲಿ ಕೇವಲ 45 ಡಿಗ್ರಿ ಎತ್ತರದಲ್ಲಿರುತ್ತಾನೆ. ಎಂದರೆ ವಸ್ತು ಎಷ್ಟು ಎತ್ತರವೋ ನೆರಳೂ ಅಷ್ಟೇ ಉದ್ದ. ಮಾಳಿಗೆಯ ದಕ್ಷಿಣದ ಮೋಟುಗೋಡೆ ಮೂರು ಅಡಿ ಎತ್ತರವಿದ್ದರೆ ಅದರ ಒಳಬದಿಯ ಮೂರು ಅಡಿ ಜಾಗ ನಡುಹಗಲಿನಲ್ಲಿಯೂ ನೆರಳೇ. ಬೆಂಗಳೂರಿನಲ್ಲಿ ಅಂದೇ ಸೂರ್ಯನು ಸುಮಾರು 53 ಡಿಗ್ರಿಗೂ ಮೇಲಿರುತ್ತಾನೆ. ಅದೇ ಗೋಡೆಯ ನೆರಳು ಅಲ್ಲಿ ಎರಡು ಕಾಲು ಅಡಿಯನ್ನು ಮೀರದು. ಊರಿನ ಅಭ್ಯಾಸ ಇಲ್ಲಿ ಸಾಗುವುದಿಲ್ಲವೆಂಬುದಕ್ಕೆ ಇದೊಂದು ಚಿಕ್ಕ ನಿದರ್ಶನ. ದಕ್ಷಿಣದ ಗೋಡೆಗೆ ಆನಿಸಿಟ್ಟ ತುಳಸಿ ಸೊರಗಿತೆಂದು ಗೊಬ್ಬರ ಹಾಕಿ ಹಾಕಿ ಬೇಸತ್ತವರನ್ನು ನಾವು ಬಲ್ಲೆವು. ಗಿಡಕ್ಕೆ ಬೇಕಾಗಿದ್ದುದು ಗೊಬ್ಬರವಲ್ಲ, ಮೂರು ಅಡಿಯ ಸ್ಥಳಾಂತರ. ಮಾಗಿಯಲ್ಲಿ ಕುಂಡಗಳಿಗೆ ಒಳ್ಳೆಯ ತಾಣವೆಂದರೆ ಉತ್ತರದ ಗೋಡೆಯ ಒಳಬದಿ. ದಿನವೆಲ್ಲ ಬಿಸಿಲು ಬೀಳುತ್ತದೆ, ಬಡಗಣ ಗಾಳಿಯಿಂದ ಮರೆಯೂ ಆಗುತ್ತದೆ. ತುಳಸಿಯ ಕದಿರುಗಳನ್ನು ಆಗಾಗ್ಗೆ ಚಿವುಟುತ್ತ, ನೀರನ್ನು ಸಂಜೆಗೆ ಬದಲು ಬೆಳಿಗ್ಗೆ ಹಾಕುತ್ತ ಹೋದರೆ ಅದು ಮಾಗಿಯನ್ನು ದಾಟುತ್ತದೆ. ಕುಳಿತುಕೊಳ್ಳಲು ಜಮಖಾನೆ ಹಾಸುವವರೂ ಇದೇ ಲೆಕ್ಕವನ್ನು ಹಿಡಿಯಬಹುದು.

ಭಾರದ ಲೆಕ್ಕ ಇದಕ್ಕಿಂತ ಮುಖ್ಯವಾದುದು. ಉದ್ದ, ಅಗಲ, ಎತ್ತರ ಒಂದೊಂದು ಅಡಿಯಿರುವ ಕುಂಡದಲ್ಲಿ 28 ಲೀಟರ್ ಮಣ್ಣು ಹಿಡಿಯುತ್ತದೆ. ನೀರುಂಡಾಗ ಅದರ ತೂಕ 45ರಿಂದ 50 ಕಿಲೋ. ಜನರು ಓಡಾಡುವ ಮಾಳಿಗೆಗಳು ಚದರ ಮೀಟರಿಗೆ ಸುಮಾರು 150 ಕಿಲೋ ಭಾರವನ್ನು ಹೊರುವಂತಿರಬೇಕೆಂದು ಭಾರತೀಯ ಮಾನಕದಲ್ಲಿ ಗೊತ್ತುಪಡಿಸಿದ್ದಾರೆ. ಅಂತಹ ಒಂಬತ್ತು ಕುಂಡಗಳನ್ನು ಒಂದು ಚದರ ಮೀಟರಿನಲ್ಲಿ ಒತ್ತೊತ್ತಾಗಿ ಜೋಡಿಸಿದರೆ ಭಾರ 400 ಕಿಲೋವನ್ನು ದಾಟಿತು. ಹಳೆಯ ಕಟ್ಟಡಗಳಲ್ಲಿ, ಅದರಲ್ಲಿಯೂ ಆಮೇಲೆ ಮೇಲುಮಹಡಿ ಏರಿಸಿದ ಕಟ್ಟಡಗಳಲ್ಲಿ, ಇದನ್ನು ಹುಡುಗಾಟವೆಂದು ಭಾವಿಸಬಾರದು. 2001ರ ಜನವರಿ 26ರ ಭೂಕಂಪವನ್ನು ಕಂಡ ರಾಜ್ಯ ಇದು. ಕುಂಡಗಳು ಗೋಡೆಯ ಮಗ್ಗುಲಿನಲ್ಲಿ, ದೂರ ದೂರವಾಗಿರಲಿ. ಮಣ್ಣಿಗೆ ತೆಂಗಿನ ನಾರಿನ ಪುಡಿಯನ್ನೂ ಎಲೆಗೊಬ್ಬರವನ್ನೂ ಬೆರೆಸಿ ಹಗುರ ಮಾಡಿಕೊಳ್ಳಿರಿ. ಮೋಟುಗೋಡೆಯ ತಲೆಯ ಮೇಲೆ ಮಾತ್ರ ಒಂದು ಕುಂಡವನ್ನೂ ಇಡಬೇಡಿರಿ. ಕೆಳಗೆ ಬೀದಿ ಇದೆ, ಬೀದಿಯಲ್ಲಿ ಜನರಿದ್ದಾರೆ.

ಗಿಡಗಳ ಆಯ್ಕೆ ಅವರವರ ಮನಸ್ಸು. ಈಗ ಬಿತ್ತಿದರೆ ಮೆಂತ್ಯವು ಒಂದು ತಿಂಗಳೊಳಗೆ ಕೈಗೆ ಬರುತ್ತದೆ. ಕೊತ್ತಂಬರಿ, ಪಾಲಕ್ ತುಸು ನಿಧಾನ. ಸಬ್ಬಸಿಗೆ ಸಿಗದೆಂದು ಕೊರಗುವವರು ಬೀಜದ ಅಂಗಡಿಯಲ್ಲಿ ‘ಸುವಾ’ ಎಂದು ಕೇಳಿದರೆ ಸಾಕು. ಇಲ್ಲಿನವರು ಉಂಧಿಯೂಗೆ ಹಾಕುವ ಸುರತಿ ಪಾಪಡಿ ನಮ್ಮ ಅವರೆಯ ಒಡಹುಟ್ಟೇ ಸರಿ. ಮಳೆಗಾಲದಲ್ಲಿಯೇ ಬಳ್ಳಿ ಹಬ್ಬಿಸಿದವರ ಚಪ್ಪರ ಇದೀಗ ಹೂವಾಗಿದೆ. ಸೇವಂತಿಗೆಯನ್ನು ಮೊಗ್ಗಿರುವ ಕುಂಡವಾಗಿಯೇ ಕೊಳ್ಳುವುದು ಲೇಸು. ಆದರೆ ಒಂದು ಎಚ್ಚರಿಕೆ ಉಂಟು. ಸೇವಂತಿಗೆ ರಾತ್ರಿ ನೀಳವಾದಾಗ ಮಾತ್ರ ಮೊಗ್ಗು ಕಟ್ಟುವ ಜಾತಿ. ಕತ್ತಲೆ ಅದಕ್ಕೆ ಗೊಬ್ಬರದಷ್ಟೇ ಅಗತ್ಯ. ರಾತ್ರಿಯಿಡೀ ಉರಿಯುವ ದೀಪದ ಕೆಳಗಿಟ್ಟರೆ ಹೂವು ತಡವಾಗುತ್ತದೆ, ಒಮ್ಮೊಮ್ಮೆ ಬರುವುದೇ ಇಲ್ಲ. ಮಾಳಿಗೆಯನ್ನು ಬಣ್ಣದ ದೀಪಮಾಲೆಗಳಿಂದ ಸಿಂಗರಿಸುವವರು ಹತ್ತು ಗಂಟೆಗೆ ಅವುಗಳನ್ನು ಆರಿಸಿದರೆ ಸೇವಂತಿಗೆಗೂ ಹಿತ, ನಿದ್ರಿಸುವ ನೆರೆಯವರಿಗೂ ಹಿತ. ಕಾರ್ತಿಕದ ಮಣ್ಣಿನ ಹಣತೆಗಳ ಸಾಲಿಗೆ ಈ ದೀಪಮಾಲೆಗಳು ಸಮನಾಗಲಾರವೆಂಬುದು ನಮ್ಮ ಅಭಿಪ್ರಾಯ, ಒಪ್ಪದವರು ಕ್ಷಮಿಸಲಿ.

ಪೀಠೋಪಕರಣಗಳಿಗೆ ಹಣ ಸುರಿಯುವ ಅಗತ್ಯವಿಲ್ಲ. ಪೆಟ್ಟಿಗೆಯ ತಳದಲ್ಲಿ ನವಲಗುಂದದ ಜಮಖಾನೆಯೋ ಅಜ್ಜಿ ಹೊಲಿದ ಕೌದಿಯೋ ಇರುವ ಮನೆಗಳು ನಮ್ಮಲ್ಲಿ ಕಡಿಮೆಯೇನಲ್ಲ. ಹಗಲು ಗೋಡೆಯ ಮೇಲೆ ಬಿಸಿಲಿಗೆ ಹಾಕಿ, ಸಂಜೆ ಅದನ್ನೇ ಹಾಸಿದರಾಯಿತು. ನೆರೆಯವರ ಹಗ್ಗದ ಮಂಚ ಒಂದು ಪಕ್ಕಕ್ಕೆ ಬಂದೇ ಬರುತ್ತದೆ. ಕತ್ತಲಾದ ಮೇಲೆ ಆಕಾಶಕ್ಕೆ ತೆರೆದ ಮಾಳಿಗೆ ಕೆಳಗಿನ ಕೋಣೆಗಿಂತ ಬೇಗ ತಣ್ಣಗಾಗುವುದರಿಂದ ಮಕ್ಕಳ ಕಿವಿಗೆ ಏನನ್ನಾದರೂ ಸುತ್ತುವುದು ಮೇಲು.

ಕುಳಿತ ಮೇಲೆ ತಿನ್ನಲಿಕ್ಕೆ ಏನು ಎಂದು ಸೂರತ್ತಿನವರಿಗೆ ಯಾರೂ ಕಲಿಸಬೇಕಾಗಿಲ್ಲ. ಡಿಸೆಂಬರಿನಿಂದ ಫೆಬ್ರುವರಿಯವರೆಗೆ ಇಲ್ಲಿ ಪೋಂಕ್‌ನ ಕಾಲ. ಹಾಲುದುಂಬಿದ ಜೋಳದ ತೆನೆಯನ್ನು ಕೆಂಡದಲ್ಲಿ ಸುಟ್ಟು, ಬಡಿದು ಬೇರ್ಪಡಿಸಿದ ಹಸಿರು ಕಾಳು. ಜೊತೆಗೆ ನಿಂಬೆಯ ಹುಳಿಯ ಸೇವು. ಪೋಂಕ್ ಎಂದರೇನೆಂದು ಉತ್ತರ ಕರ್ನಾಟಕದವರಿಗೆ ವಿವರಿಸಹೊರಟರೆ ಅವರು ನಗುತ್ತಾರೆ. ಹೊಲದಲ್ಲಿ ಕುಳ್ಳಿನ ಕೆಂಡದ ಸುತ್ತ ಕುಳಿತು, ಅಂಗೈಯಲ್ಲಿ ತಿಕ್ಕಿ, ಊದಿ ಬಾಯಿಗೆ ಹಾಕಿಕೊಂಡ ಸೀತನಿ ಅದೇ ಅಲ್ಲವೇ! ಊರಿನ ಸೀತನಿಯ ಜೊತೆ ಬೆಲ್ಲವೂ ಶೇಂಗಾ ಚಟ್ನಿಯೂ ಇರುತ್ತಿದ್ದವು, ಇಲ್ಲಿ ಸೇವು ಇದೆ, ವ್ಯತ್ಯಾಸ ಅಷ್ಟೇ. ವರಾಛಾದ ಮಾಳಿಗೆಯಲ್ಲಿ ಎರಡನ್ನೂ ಒಂದೇ ತಟ್ಟೆಗೆ ಹಾಕಿಕೊಂಡು ತಿಂದವರಲ್ಲಿ ನಾವೂ ಒಬ್ಬರು.

ಕೆಂಡದ ಮಾತು ಬಂದುದರಿಂದ ಇದನ್ನೂ ಹೇಳಿಬಿಡುತ್ತೇವೆ. ಅಗ್ಗಿಷ್ಟಿಕೆ ಬಯಲಿಗೆ ಮೀಸಲು. ಬೆಂಕಿ ಆರಿತೆಂದು ಕೆಂಡ ಸಮೇತ ಅದನ್ನು ಮಲಗುವ ಕೋಣೆಯಲ್ಲಿಟ್ಟು ಬಾಗಿಲು ಮುಚ್ಚುವುದು ಸಾವನ್ನು ಕರೆದಂತೆ. ಕೆಂಡದಿಂದ ಹೊರಡುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರಿಸುವವನಿಗೆ ಎಚ್ಚರವೇ ಆಗುವುದಿಲ್ಲ. ಒಂದು ಕೋಣೆಯಲ್ಲಿ ಆರು ಎಂಟು ಮಂದಿ ಮಲಗುವ ನಮ್ಮ ದುಡಿಮೆಯ ಹುಡುಗರು ಇದನ್ನು ವಿಶೇಷವಾಗಿ ಗಮನಿಸಬೇಕು. ಒಣಗಿದ ಎಲೆಗಳನ್ನೂ ಕಸವನ್ನೂ ಮಾಳಿಗೆಯ ಮೇಲೆ ಸುಡುವುದು ಬೇಡ. ಚಳಿಗಾಲದ ಬೆಳಗಿನಲ್ಲಿ ಹೊಗೆ ಮೇಲೇರದೆ ಓಣಿಯಲ್ಲಿಯೇ ನಿಂತುಬಿಡುತ್ತದೆ.

ಈ ಎಲ್ಲ ಸಿದ್ಧತೆ ಹೋಗಿ ಮುಟ್ಟುವುದು ಜನವರಿ 14ರ ಉತ್ತರಾಯಣಕ್ಕೆ, ಅದರ ಮರುದಿನದ ವಾಸಿ ಉತ್ತರಾಯಣಕ್ಕೆ. ಆ ಎರಡು ದಿನ ಸೂರತ್ತಿನಲ್ಲಿ ನೆಲದ ಮೇಲೆ ಯಾರೂ ಇರುವುದಿಲ್ಲವೆಂದರೆ ಅತಿಶಯೋಕ್ತಿಯಾಗದು. ಗಾಳಿಪಟದ ಉತ್ಸಾಹದಲ್ಲಿ ಕಣ್ಣು ಆಕಾಶದಲ್ಲಿ, ಕಾಲು ಹಿಂದಕ್ಕೆ. ಮೋಟುಗೋಡೆ ದೊಡ್ಡವರ ಎದೆಯ ಮಟ್ಟಕ್ಕಿಂತ ಕೆಳಗಿರುವಲ್ಲಿ ಮುಂಚಿತವಾಗಿಯೇ ಬಿದಿರು ಕಟ್ಟಿ ಹಗ್ಗ ಬಿಗಿಯುವುದು, ಕುಂಡಗಳನ್ನೂ ಮಂಚವನ್ನೂ ಗೋಡೆಯಿಂದ ಈಚೆಗೆ ಸರಿಸುವುದು ಅವಶ್ಯ; ಏಕೆಂದರೆ ಮಕ್ಕಳು ಹತ್ತಿ ನಿಲ್ಲುವುದು ಅವುಗಳ ಮೇಲೆಯೇ. ನೈಲಾನ್ ಮಾಂಜಾವನ್ನು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2017ರಲ್ಲಿ ದೇಶಾದ್ಯಂತ ನಿಷೇಧಿಸಿದೆ. ಮನೆಯ ಹುಡುಗರು ಏನನ್ನು ಕೊಂಡು ತಂದಿದ್ದಾರೆಂದು ತಂದೆತಾಯಿಗಳೇ ನೋಡಬೇಕು. ಅದೇ ವರ್ಷದಿಂದ ಗುಜರಾತ್ ಸರಕಾರ ನಡೆಸುತ್ತಿರುವ ಕರುಣಾ ಅಭಿಯಾನದಲ್ಲಿ ದಾರಕ್ಕೆ ಸಿಕ್ಕ ಹಕ್ಕಿಗಳಿಗೆ ಚಿಕಿತ್ಸೆ ದೊರೆಯುತ್ತದೆ. ಹಕ್ಕಿಗಳು ಗೂಡು ಬಿಡುವ ಮುಂಜಾನೆ, ಗೂಡಿಗೆ ಮರಳುವ ಸಂಜೆ ಪಟ ಹಾರಿಸದಿದ್ದರೆ ಚಿಕಿತ್ಸೆಯ ಪ್ರಮೇಯವೇ ಬಹುಮಟ್ಟಿಗೆ ತಪ್ಪುತ್ತದೆ.

ಆ ಸಂಜೆಯ ಹೊತ್ತನ್ನು ನಮ್ಮವರು ಎಳ್ಳುಬೆಲ್ಲ ಬೀರುವುದಕ್ಕೆ ಇಟ್ಟುಕೊಳ್ಳಬಹುದು. ನೆರೆಯವರು ಎಳ್ಳಿನ ಚಿಕ್ಕಿ ತಂದಿರುತ್ತಾರೆ; ನಮ್ಮ ಕುಸುರೆಳ್ಳಿನ ತಟ್ಟೆ ಅದರ ಪಕ್ಕದಲ್ಲಿರಲಿ. ಹದಿನಾರರ ಬೆಳಿಗ್ಗೆ ಮಾಳಿಗೆಯ ಮೇಲೂ, ಅವರೆಯ ಚಪ್ಪರದ ಮೇಲೂ, ಕೈಗೆಟಕುವ ಕೊಂಬೆಗಳ ಮೇಲೂ ತೊಡಕಿಕೊಂಡ ದಾರವನ್ನು ಬಿಡಿಸಿ, ಸುತ್ತಿ, ತುಂಡುಮಾಡಿ ಕಸದ ಗಾಡಿಗೆ ಹಾಕಬೇಕು. ವಿದ್ಯುತ್ ತಂತಿಗೆ ಸುತ್ತಿಕೊಂಡುದನ್ನು ಮಾತ್ರ ಮುಟ್ಟಬಾರದು. ಮೇಲೆ ಹೇಳಿದ ಕಟ್ಟಡದಲ್ಲಿ ಈ ಕೆಲಸಕ್ಕೆ ಮನೆಗೊಬ್ಬರಂತೆ ಹೆಸರು ಬರೆದು ಈಗಲೇ ಕೀಲಿಕೈಯ ಮೊಳೆಯ ಕೆಳಗೆ ಅಂಟಿಸಿದ್ದಾರೆ. ಪಟ್ಟಿ ಗುಜರಾತಿಯಲ್ಲಿದೆ, ಕೊನೆಯ ಎರಡು ಹೆಸರುಗಳು ಕನ್ನಡದಲ್ಲಿ.