ನಿದ್ರೆಯಲ್ಲಿ ಉಸಿರುಗಟ್ಟುವ ವ್ಯಾಧಿ

ಗೊರಕೆಯು ಗಾಢನಿದ್ರೆಯ ಕುರುಹೆಂದು ನಮ್ಮ ಜನರಲ್ಲಿ ರೂಢಿಯಾದ ಎಣಿಕೆಯುಂಟು. ಕುಂಭಕರ್ಣನ ಹೆಸರೆತ್ತಿ ನಗುವುದೂ ಉಂಟು. ವೈದ್ಯಶಾಸ್ತ್ರದ ನಿರ್ಣಯವು ಇದಕ್ಕೆ ಬಹುಮಟ್ಟಿಗೆ ವಿರುದ್ಧವಾದುದು. ನಿದ್ರಾಕಾಲದಲ್ಲಿ ಗಂಟಲಿನ ಸ್ನಾಯುಗಳು ಸಡಿಲವಾಗಲು, ಕೆಲವರಲ್ಲಿ ಶ್ವಾಸಮಾರ್ಗವೇ ಮುಚ್ಚಿಹೋಗುವುದು. ಎದೆಯು ಎಷ್ಟು ಹೆಣಗಿದರೂ ಗಾಳಿ ಒಳಸೇರದು. ರಕ್ತದಲ್ಲಿ ಆಮ್ಲಜನಕವು ಕುಗ್ಗುವುದು. ಕಡೆಗೆ ಮಿದುಳು ಕ್ಷಣಮಾತ್ರ ಎಚ್ಚತ್ತು ದಾರಿಯನ್ನು ತೆರೆಯುವುದು. ಮಲಗಿದವನು ಇದೊಂದನ್ನೂ ಅರಿಯನು. ಹತ್ತು ಸೆಕೆಂಡಿಗೆ ಕಡಿಮೆಯಲ್ಲದ ಇಂತಹ ತಡೆಗಳೂ ಉಸಿರು ಅರೆಯಾಗಿ ಕುಗ್ಗಿದ ಪ್ರಸಂಗಗಳೂ ಸೇರಿ ಗಂಟೆಗೆ ೩೦ನ್ನು ಮುಟ್ಟಿದರೆ ವ್ಯಾಧಿಯು ತೀವ್ರವೆಂದು ಗಣನೆ. ಇದಕ್ಕಿರುವ 'ಅಪ್ನಿಯ' ಎಂಬ ಹೆಸರು ಗ್ರೀಕ್ ಮೂಲದ್ದು. 'ಉಸಿರುಗಟ್ಟುವುದು' ಎಂಬ ನಮ್ಮ ಮಾತು ಅರ್ಥದಲ್ಲಿ ಅದಕ್ಕೆ ಕಡಿಮೆಯದಲ್ಲ.

ಇದರ ಒಂದು ಲಕ್ಷಣವನ್ನು ಸಾಹಿತ್ಯವು ವೈದ್ಯರಿಗಿಂತ ಮೊದಲೇ ಚಿತ್ರಿಸಿತು. ಡಿಕನ್ಸನ 'ಪಿಕ್‌ವಿಕ್ ಪೇಪರ್ಸ್' (೧೮೩೬-೩೭) ಎಂಬ ಕಾದಂಬರಿಯ ಜೋ ಎಂಬ ಸ್ಥೂಲಕಾಯದ ಹುಡುಗನು ಕೆಲಸದ ನಡುವೆಯೇ ತೂಕಡಿಸುವನು. ೧೯೫೬ರಲ್ಲಿ ವೈದ್ಯರು ಆ ಕೃತಿಯ ಹೆಸರನ್ನೇ ಒಂದು ವ್ಯಾಧಿಗೆ ಇಟ್ಟರು. ನಿದ್ರೆಯಲ್ಲಿ ಉಸಿರು ಮತ್ತೆ ಮತ್ತೆ ನಿಲ್ಲುವುದನ್ನು ೧೯೬೫ರಲ್ಲಿ ಫ್ರಾನ್ಸ್ ಮತ್ತು ಜರ್ಮನಿಯ ಸಂಶೋಧಕರು ಯಂತ್ರಗಳಿಂದ ದಾಖಲಿಸಿದರು. ಮೂಗಿನ ಮೂಲಕ ಒತ್ತಡದ ಗಾಳಿಯನ್ನು ಹಾಯಿಸಿ ಗಂಟಲನ್ನು ತೆರೆದಿಡುವ ಉಪಾಯವನ್ನು ಸಿಡ್ನಿಯ ಕಾಲಿನ್ ಸಲಿವನ್ನರು ೧೯೮೧ರಲ್ಲಿ ಪ್ರಕಟಿಸಿದರು.

ಈ ವ್ಯಾಧಿಯು ಒಬ್ಬ ವೈದ್ಯನ ಸ್ವತ್ತಲ್ಲದಿರುವುದೇ ಇದರ ತೊಡಕು. ರೋಗಿಯು ರಕ್ತದ ಒತ್ತಡಕ್ಕೆಂದು ಒಬ್ಬರಲ್ಲಿಗೂ ಗೊರಕೆಗೆಂದು ಗಂಟಲಿನ ವೈದ್ಯರಲ್ಲಿಗೂ ಹೋಗುವನು. ಹಗಲಿನ ತೂಕಡಿಕೆಗೆಂದು ಯಾರಲ್ಲಿಗೂ ಹೋಗನು. ಮಕ್ಕಳಲ್ಲಿ ಬಹುಶಃ ಟಾನ್ಸಿಲ್ ಮುಂತಾದ ಗ್ರಂಥಿಗಳೇ ಕಾರಣವಾಗಿ, ಶಸ್ತ್ರಚಿಕಿತ್ಸೆಯು ಸಲ್ಲುವುದು. ಕೆಲವು ವಯಸ್ಕರಿಗೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುವ ಸಾಧನವನ್ನು ದಂತವೈದ್ಯರು ಮಾಡಿಕೊಡುವರು. ಹೃದಯದೌರ್ಬಲ್ಯವುಳ್ಳ ಕೆಲವರಲ್ಲಿ ಮಾರ್ಗವು ತೆರೆದಿದ್ದರೂ ಉಸಿರಾಡಲು ಮಿದುಳಿನ ಪ್ರೇರಣೆಯೇ ನಿಲ್ಲುವುದು; ಇದನ್ನು ಪ್ರತ್ಯೇಕವಾಗಿ ಗುರುತಿಸದೆ ಚಿಕಿತ್ಸೆಗೆ ತೊಡಗುವುದು ಸರಿಯಲ್ಲ. ಅರಿವಳಿಕೆ ಕೊಡುವವರಿಗಂತೂ ಈ ಸಂಗತಿಯು ಮುಂಚಿತವಾಗಿ ತಿಳಿದಿರಲೇಬೇಕು.

ಬೈಕಂಪಾಡಿಯಂತಹ ಸ್ಥಳದಲ್ಲಿ ಈ ವಿಚಾರಕ್ಕೆ ಬೇರೆಯೇ ತೂಕವುಂಟು. ಕೈಗಾರಿಕಾ ಪ್ರದೇಶವೂ ನೆರೆಯ ಪಣಂಬೂರಿನ ಬಂದರೂ ಸೇರಿ ಲಾರಿಗಳು ಹೆದ್ದಾರಿಯಲ್ಲಿ ಇರುಳೆಲ್ಲ ಸಂಚರಿಸುವುವು. ಚಾಲಕನ ತೂಕಡಿಕೆಯು ಅವನೊಬ್ಬನ ಕೇಡಲ್ಲ. ಆದರೂ ಕೆಲಸ ಹೋದೀತೆಂಬ ಅಂಜಿಕೆಯಿಂದ ಅವನು ಬಾಯಿಬಿಡದಿರುವುದು ಸಹಜ. ಮನೆಯಲ್ಲಿ ಹೆಂಡತಿಯು ಕಾಣಬಹುದಾದುದನ್ನು ದಾರಿಯಲ್ಲಿ ಕಾಣುವವನು ಕ್ಲೀನರನೇ. ವೈದ್ಯರು ಅವನನ್ನೂ ಕರೆದು ಕೇಳತಕ್ಕದ್ದು. ಗಾಳಿಯ ಯಂತ್ರವನ್ನು ವಿಧಿಸುವಾಗ ಅದು ಲಾರಿಯಲ್ಲಿ ಮಲಗುವವನಿಗೆಂಬುದನ್ನು ನೆನೆದು, ಬ್ಯಾಟರಿಯಿಂದ ನಡೆಯುವುದನ್ನೇ ಆರಿಸುವುದು ಯುಕ್ತ.