ಕರೆಂಟ್ ಕೊಟ್ಟ ಕರುಳು ಮತ್ತೆ ಚಿಗುರುವುದು ಹೇಗೆ?

ಹೊಸೂರು, ತಳಿ, ದೇಂಕಣಿಕೋಟೆ ಕಡೆಯವರಿಗೆ ಕ್ಯಾನ್ಸರ್ ಎಂದೊಡನೆ ನೆನಪಾಗುವುದು ಬೆಂಗಳೂರಿನ ಕಿದ್ವಾಯಿ. 1973ರಲ್ಲಿ ಶುರುವಾದ ಈ ಆಸ್ಪತ್ರೆಗೆ ಅತ್ತಿಬೆಲೆ ದಾಟಿ ಬಸ್ಸಿನಲ್ಲಿ ಹೋಗಿಬರುವವರು ಬಹಳ. ಗರ್ಭಕೊರಳಿನ ಕ್ಯಾನ್ಸರಿಗೆ ರೇಡಿಯೇಷನ್ ನಡೆಯುತ್ತಿದ್ದರೆ ಮನೆಗೆ ಬಂದ ನೆಂಟರು "ಎಷ್ಟು ಕರೆಂಟ್ ಆಯ್ತಕ್ಕ?" ಎಂದು ವಿಚಾರಿಸುತ್ತಾರೆ. ಎರಡು ಮೂರು ವಾರಕ್ಕೆ ಭೇದಿ, ಹೊಟ್ಟೆನುಲಿತ ಹಿಡಿದರೆ ಅವರ ಬಾಯಲ್ಲೇ ತೀರ್ಪೂ ಬರುತ್ತದೆ: "ಕರುಳು ಸುಟ್ಟುಹೋಗಿದೆ. ಸುಟ್ಟದ್ದು ಮತ್ತೆ ಬರುತ್ತಾ? ನಿಲ್ಲಿಸಿಬಿಡಿ."

ಕರುಳು ಸುಟ್ಟಿರುವುದಿಲ್ಲ. ಯಂತ್ರದಿಂದ ಬರುವ ಕಿರಣ ಜೀವಕೋಶದೊಳಗಿನ ಡಿಎನ್‌ಎ ಕಡಿಯುತ್ತದೆ. ಬಿಡುವಿಲ್ಲದೆ ಒಡೆದು ಹೆಚ್ಚುತ್ತಿರುವ ಕೋಶಗಳಿಗೆ ಈ ಏಟು ಜೋರು. ಕ್ಯಾನ್ಸರ್ ಕೋಶದ ಗುಣವೂ ಅದೇ, ಸಣ್ಣಕರುಳಿನ ಒಳಪದರದ ಗುಣವೂ ಅದೇ. ಆ ಪದರ ಆರೋಗ್ಯವಂತರಲ್ಲೂ ಮೂರರಿಂದ ಐದು ದಿನಕ್ಕೊಮ್ಮೆ ಉದುರಿ ಹೊಸದಾಗುತ್ತದೆ. ಹಳೆಯದು ಉದುರುವ ವೇಗಕ್ಕೆ ಹೊಸದು ಹುಟ್ಟದಿದ್ದಾಗ ಭೇದಿ ಶುರು. ರೇಡಿಯೇಷನ್ ತೆಗೆದುಕೊಂಡವರು ಮೊಮ್ಮಕ್ಕಳನ್ನು ಮುಟ್ಟಬಾರದು ಎಂಬ ಮಾತೂ ಇದರ ಜೊತೆಗೆ ಓಡಾಡುತ್ತದೆ. ಹೊರಗಿನ ಯಂತ್ರದಿಂದ ಕೊಟ್ಟ ಕಿರಣ ಮೈಯಲ್ಲಿ ಉಳಿಯುವುದಿಲ್ಲ. ಧಾರಾಳವಾಗಿ ಎತ್ತಿ ಆಡಿಸಬಹುದು.

ಹೊಸ ಪದರ ಹುಟ್ಟುವುದು ಎಲ್ಲಿಂದ? ಕರುಳಿನ ಒಳಗೋಡೆಯ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕುಳಿಗಳಿವೆ. ಪ್ರತಿ ಕುಳಿಯ ತಳದಲ್ಲಿ ಬೆರಳೆಣಿಕೆಯಷ್ಟು ಕಾಂಡಕೋಶಗಳು, ಅಂದರೆ ಹೊಸ ಕೋಶಗಳನ್ನು ಹುಟ್ಟಿಸುವ ಸ್ಟೆಮ್ ಸೆಲ್‌ಗಳು. 2007ರಲ್ಲಿ ನೆದರ್ಲೆಂಡ್ಸಿನ ಹಾನ್ಸ್ ಕ್ಲೆವರ್ಸ್ ತಂಡದ ನಿಕ್ ಬಾರ್ಕರ್ ಮತ್ತು ಸಂಗಡಿಗರು ಇಲಿಯ ಕರುಳಿನಲ್ಲಿ ಎಲ್‌ಜಿಆರ್5 ಎಂಬ ಗುರುತಿನಿಂದ ಇವನ್ನು ಪತ್ತೆಹಚ್ಚಿದರು. ಎರಡು ವರ್ಷದ ನಂತರ ಅದೇ ಪ್ರಯೋಗಾಲಯದಲ್ಲಿ ತೊಶಿರೊ ಸಾತೊ ಇಂಥ ಒಂದೇ ಕೋಶದಿಂದ ಗಾಜಿನ ತಟ್ಟೆಯಲ್ಲಿ ಪುಟಾಣಿ ಕರುಳು ಬೆಳೆಸಿ ತೋರಿಸಿದರು.

ಇಲ್ಲಿ ಓದಿದವರೂ ಎಡವುತ್ತಾರೆ. ಕಾಂಡಕೋಶ ಗಟ್ಟಿಪಿಂಡ, ಕಿರಣಕ್ಕೆ ಜಗ್ಗದೆ ಉಳಿದು ಕರುಳನ್ನು ಮತ್ತೆ ಕಟ್ಟುತ್ತದೆ ಎಂದು ಅವರ ಲೆಕ್ಕ. ಆಗುವುದು ತಿರುಗುಮುರುಗು. ಸದಾ ಒಡೆಯುತ್ತಲೇ ಇರುವುದರಿಂದ ಜೋರು ಕಿರಣಕ್ಕೆ ಮೊದಲು ಸಾಯುವ ಕೋಶಗಳಲ್ಲಿ ಅವೂ ಸೇರಿವೆ. ಹಾಗಿದ್ದೂ ಇಲಿಯ ಕರುಳು ಕೆಲವೇ ದಿನದಲ್ಲಿ ಚೇತರಿಸಿಕೊಳ್ಳುತ್ತದೆ. ಹೊಸೂರಿನ ಗುಲಾಬಿ ತೋಟದವರಿಗೆ ಇದು ಬೇಗ ಅರ್ಥವಾದೀತು: ತುದಿ ಸವರಿದರೆ ಕೆಳಗೆ ಸುಮ್ಮನಿದ್ದ ಕಣ್ಣು ಚಿಗುರುತ್ತದೆ. ಕರುಳು ಇನ್ನೂ ಒಂದು ಹೆಜ್ಜೆ ಮುಂದೆ. ಕಾಂಡಕೋಶದಿಂದ ಹುಟ್ಟಿ, ಲೋಳೆ ಸುರಿಸುವುದೋ ಆಹಾರ ಹೀರುವುದೋ ಎಂದು ಕಸುಬು ಹಿಡಿಯಲು ಹೊರಟಿದ್ದ ಎಳೆಯ ಕೋಶಗಳು ಅರ್ಧದಾರಿಯಿಂದ ಹಿಂದಿರುಗಿ ಮತ್ತೆ ಕಾಂಡಕೋಶಗಳೇ ಆಗುತ್ತವೆ. 2019ರಲ್ಲಿ ಟೊರಾಂಟೊದ ಜೆಫ್ ರಾನಾ ತಂಡ, ಮಾಮೂಲಿ ದಿನಗಳಲ್ಲಿ ತೀರ ಅಪರೂಪವಾದ, ಕಿರಣದ ಏಟು ಬಿದ್ದ ಮೇಲೆ ಎದ್ದು ಕಾಣುವ ಇನ್ನೊಂದು ಬಗೆಯ ಕೋಶವನ್ನು ವರದಿ ಮಾಡಿತು. ಸತ್ತುಹೋದ ಎಲ್‌ಜಿಆರ್5 ಕೋಶಗಳ ಜಾಗ ತುಂಬಲು ಅದೂ ನೆರವಾಗುತ್ತದೆ.

ಈ ಚೇತರಿಕೆಗೆ ಮಿತಿ ಇದೆ. ಒಂದೇ ಸಲ ಇಡೀ ಮೈಗೆ 10 ಗ್ರೇ (ಕಿರಣದ ಪ್ರಮಾಣ ಅಳೆಯುವ ಮಾನ) ಮೀರಿದ ಕಿರಣ ಬಿದ್ದರೆ ಕರುಳಿನ ಪದರವೇ ಕಿತ್ತುಬಂದು ಮನುಷ್ಯ ಬದುಕುವುದು ಕಷ್ಟ. ಆಸ್ಪತ್ರೆಯಲ್ಲಿ ಹೊಟ್ಟೆಯ ಕೆಳಭಾಗಕ್ಕೆ ಮಾತ್ರ, ದಿನಕ್ಕೆ ಸುಮಾರು 2 ಗ್ರೇಯಂತೆ, ವಾರಕ್ಕೆ ಐದು ದಿನ, ಸುಮಾರು 25 ಸಿಟ್ಟಿಂಗ್ ಕೊಡುವುದು ಇದಕ್ಕೇ. ಒಂದು ಸಿಟ್ಟಿಂಗಿಗೂ ಮುಂದಿನದಕ್ಕೂ ನಡುವಿನ ಹೊತ್ತಿನಲ್ಲಿ ಒಳ್ಳೆಯ ಕೋಶಗಳು ತಮ್ಮ ರಿಪೇರಿ ಮುಗಿಸಿಕೊಳ್ಳುತ್ತವೆ, ಕ್ಯಾನ್ಸರ್ ಕೋಶಗಳಿಗೆ ಅದು ಅಷ್ಟು ಚೆನ್ನಾಗಿ ಬಾರದು. ಭೇದಿಗೆ ಹೆದರಿ ವಾರಗಟ್ಟಲೆ ಮನೆಯಲ್ಲಿ ಕುಳಿತರೆ ಕರುಳಿನ ಜೊತೆ ಗೆಡ್ಡೆಗೂ ರಜೆ ಸಿಗುತ್ತದೆ. ಗರ್ಭಕೊರಳಿನ ಕ್ಯಾನ್ಸರಿನಲ್ಲಿ ಒಳಗಿಂದ ಕೊಡುವ ರೇಡಿಯೇಷನ್ನೂ ಸೇರಿ 8 ವಾರದೊಳಗೆ ಎಲ್ಲ ಮುಗಿಯಬೇಕೆಂದು ವೈದ್ಯರು ಪಟ್ಟು ಹಿಡಿಯುವುದು ಸುಮ್ಮನೆ ಅಲ್ಲ. ಭೇದಿಗೆ ಮಾತ್ರೆ ಇದೆ, ಓಆರ್‌ಎಸ್ ಇದೆ, ಅಲ್ಲೇ ಕೇಳಿ.

"ಭೇದಿಯಾಗುವಾಗ ಏನೂ ತಿನ್ನಬಾರದು, ಹಾಲು ಮಾತ್ರ ಕುಡಿಯಬೇಕು" ಎನ್ನುವುದು ಪ್ರೀತಿಯ ಸಲಹೆ, ಆದರೆ ತಪ್ಪು. ಹಾಲಿನ ಸಕ್ಕರೆ ಅರಗಿಸುವ ಲ್ಯಾಕ್ಟೇಸ್ ತಯಾರಾಗುವುದು ಬಲಿತ ಮೇಲ್ಪದರದ ಕೋಶಗಳಲ್ಲಿ. ಪದರ ತೆಳುವಾಗಿರುವಾಗ ಹಾಲು ಕುಡಿದರೆ ಹೊಟ್ಟೆ ಉಬ್ಬರಿಸಿ ಭೇದಿ ಹೆಚ್ಚಬಹುದು. ಮಜ್ಜಿಗೆ ಅನ್ನ ಎಷ್ಟೋ ಜನಕ್ಕೆ ಒಗ್ಗುತ್ತದೆ. ಮುದ್ದೆ ಬಿಡಬೇಕೇ ಎಂಬುದನ್ನು ಆಸ್ಪತ್ರೆಯ ಆಹಾರ ತಜ್ಞರನ್ನೇ ಕೇಳುವುದು ಮೇಲು, ಎಲ್ಲರಿಗೂ ಒಂದೇ ಉತ್ತರವಿಲ್ಲ.

ಇನ್ನು "ದುಡ್ಡಿದ್ದರೆ ಸ್ಟೆಮ್ ಸೆಲ್ ಇಂಜೆಕ್ಷನ್ ಹಾಕಿಸಿ" ಎನ್ನುವವರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಮಾಮೂಲಿ ಚಿಕಿತ್ಸೆಯಾಗಿ ಒಪ್ಪಿದ್ದು ಮುಖ್ಯವಾಗಿ ರಕ್ತದ ಕಾಯಿಲೆಗಳಿಗೆ ಮಾಡುವ ಅಸ್ಥಿಮಜ್ಜೆಯಂಥ ಕಸಿಯನ್ನು. ಕರುಳಿಗೆಂದು ಸೂಜಿಯಲ್ಲಿ ಕೊಡುವುದು ಪ್ರಯೋಗದ ಹಂತ. ಅದಕ್ಕೆ ರೋಗಿಯಿಂದ ಬಿಲ್ ಕಟ್ಟಿಸಿಕೊಳ್ಳುವವರನ್ನು ನಂಬಬೇಡಿ.

ಕಾಂಡಕೋಶಗಳ ಕೈಗೂ ಸಿಗದ ಹಾನಿ ಒಂದಿದೆ. ಚಿಕಿತ್ಸೆ ಮುಗಿದು ತಿಂಗಳುಗಳು, ಕೆಲವೊಮ್ಮೆ ವರ್ಷಗಳಾದ ಮೇಲೆ ಕರುಳಿನ ಗೋಡೆಯ ಸಣ್ಣ ರಕ್ತನಾಳಗಳು ಕಟ್ಟಿಕೊಂಡು, ಗೋಡೆ ಗಡುಸಾಗಿ, ಮಲದಲ್ಲಿ ರಕ್ತ ಕಾಣಿಸಬಹುದು. ಒಳಪದರ ಹೊಸದಾಗಿರುತ್ತದೆ, ಅದರ ಕೆಳಗಿನ ಗೋಡೆ ಹಳೆಯದು. ಇದನ್ನು ಮೂಲವ್ಯಾಧಿ ಎಂದುಕೊಂಡು ನಾಟಿ ಔಷಧಿ ಹುಡುಕುವವರೇ ಹೆಚ್ಚು. ಹೊಸ ವೈದ್ಯರ ಬಳಿ ಹೋದಾಗ ಹಳೇ ರೇಡಿಯೇಷನ್ ಚೀಟಿಯನ್ನು ಮೊದಲೇ ತೋರಿಸಿ, ಎಷ್ಟು ವರ್ಷವಾಗಿದ್ದರೂ ಸರಿ.