ನ್ಯೂಯಾರ್ಕಿನಲ್ಲಿರುವ ಬಿಜಾಪುರದ ಮನೆತನ

ಗೋಲ್ ಗುಂಬಜ್ ನೋಡಿ ಬಂದವರು ನಮ್ಮ ಕಾಲೇಜಿನಲ್ಲಿ ಬಹಳ ಜನ ಇದ್ದೀರಿ. ಅಲ್ಲಿ ಮಲಗಿರುವ ಮುಹಮ್ಮದ್ ಆದಿಲ್ ಶಾಹನ ವಂಶದವರೆಲ್ಲ ಒಟ್ಟಿಗೆ ಕುಳಿತ ಚಿತ್ರವೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನ ಇಸ್ಲಾಮಿಕ್ ಕಲಾ ವಿಭಾಗದಲ್ಲಿದೆ. ಹೆಸರು 'ಬಿಜಾಪುರದ ಮನೆತನ'. ಸುಮಾರು 1680ರಲ್ಲಿ ಕಮಾಲ್ ಮುಹಮ್ಮದ್ ಮತ್ತು ಚಾಂದ್ ಮುಹಮ್ಮದ್ ಎಂಬ ಇಬ್ಬರು ಕಾಗದದ ಮೇಲೆ ಬಣ್ಣ, ಚಿನ್ನ, ಬೆಳ್ಳಿ ಬಳಸಿ ಬರೆದದ್ದು.

ಇಂಥ ಸಭೆ ನಡೆದಿರಲು ಸಾಧ್ಯವೇ ಇಲ್ಲ. ವಂಶದ ಮೊದಲಿಗ ಯೂಸುಫ್ ತೀರಿಕೊಂಡದ್ದು 1510ರಲ್ಲಿ. ಕೊನೆಯವನಾದ ಸಿಕಂದರ್ ಪಟ್ಟಕ್ಕೆ ಬಂದದ್ದು 1672ರಲ್ಲಿ. ಆದರೂ ಚಿತ್ರದಲ್ಲಿ ಇಬ್ಬರೂ ಇದ್ದಾರೆ. ಇರಾನಿನ ಶಾಹ್ ಇಸ್ಮಾಯಿಲ್ ಯೂಸುಫನಿಗೆ ಒಂದು ಕೀಲಿಕೈ ಕೊಡುತ್ತಿದ್ದಾನೆ. ಅದು ಆಳುವ ಹಕ್ಕಿನ ಗುರುತು.

ಇಂಥ ಚಿತ್ರ ಆಗಲೇ ಏಕೆ ಬೇಕಾಯಿತು? ಸಿಕಂದರ್ ಚಿಕ್ಕ ಮಗುವಾಗಿದ್ದಾಗಲೇ ಸುಲ್ತಾನನಾದ. ಸರದಾರರು ಒಳಗೊಳಗೇ ಜಗಳವಾಡುತ್ತಿದ್ದರು. ಒಂದು ಕಡೆ ಮರಾಠರು, ಇನ್ನೊಂದು ಕಡೆ ಮೊಘಲರು ರಾಜ್ಯವನ್ನು ಕಿತ್ತುಕೊಳ್ಳುತ್ತಿದ್ದರು. ಅಕೌಂಟೆನ್ಸಿಯಲ್ಲಿ ನಾವು ಓದುವ 'ಗುಡ್‌ವಿಲ್' ನೆನಪಿಸಿಕೊಳ್ಳಿ. ಕಣ್ಣಿಗೆ ಕಾಣದ, ಹಳೆಯ ಹೆಸರಿನಿಂದ ಬರುವ ಆಸ್ತಿ ಅದು. ನೆಲ ಕೈಬಿಡುತ್ತಿದ್ದಾಗ ಬಿಜಾಪುರ ಆ ಹೆಸರನ್ನೇ ಮುಂದಿಟ್ಟಿತು. ಆದರೆ ಹೆಸರೊಂದೇ ಸಾಲಲಿಲ್ಲ. 1686ರಲ್ಲಿ ಔರಂಗಜೇಬ್ ಬಿಜಾಪುರವನ್ನು ಗೆದ್ದ, ಸಿಕಂದರ್ ಸೆರೆಯಾದ.

"ಮನುಷ್ಯರ ಚಿತ್ರ ಇಸ್ಲಾಮಿಕ್ ಕಲೆ ಹೇಗಾಗುತ್ತದೆ?" ಎಂದು ನಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆ. ಕುರ್‌ಆನ್ ಪ್ರತಿಗಳಲ್ಲಿ, ಮಸೀದಿಗಳಲ್ಲಿ ಅಕ್ಷರ ಮತ್ತು ಹೂಬಳ್ಳಿಯ ಅಲಂಕಾರವೇ ಇರುತ್ತದೆ. ಅರಮನೆಯ ಪದ್ಧತಿ ಬೇರೆ ಇತ್ತು. ಮುಸ್ಲಿಂ ಅರಸರ ಆಶ್ರಯದಲ್ಲಿ ಆದ ಕೆಲಸವನ್ನೆಲ್ಲ ಮ್ಯೂಸಿಯಂಗಳು ಈ ಹೆಸರಿನ ಕೆಳಗೆ ಇಡುತ್ತವೆ. ಆ ಹಲಗೆ ಓದಿ ಇದು ದೂರದ ದೇಶದ್ದು ಎಂದುಕೊಳ್ಳಬಾರದು. ಇದು ಕರ್ನಾಟಕದ ಚಿತ್ರ. ನಮ್ಮ ಮನೆಯಲ್ಲಿ ಆಡುವ ದಖನಿ ಮಾತು ಕಾವ್ಯವಾಗಿ ಬೆಳೆದದ್ದೂ ಇದೇ ದರ್ಬಾರಿನಲ್ಲಿ. ಎರಡನೇ ಇಬ್ರಾಹಿಮ್ 'ಕಿತಾಬ್-ಎ-ನೌರಸ್' ಬರೆದದ್ದು ದಖನಿಯಲ್ಲೇ.

ನಮ್ಮ ಜಿಲ್ಲೆಗೂ ಈ ಮನೆತನದ ನಂಟು ಇದೆ, ಅದು ಸಿಹಿಯಾದದ್ದಲ್ಲ. ಮುಹಮ್ಮದ್ ಆದಿಲ್ ಶಾಹನ ಸೇನಾಪತಿ ರಣದುಲ್ಲಾ ಖಾನ್ 1637ರ ಹೊತ್ತಿಗೆ ಇಕ್ಕೇರಿಯ ಮೇಲೆ ದಂಡೆತ್ತಿ ಬಂದಿದ್ದ. ಅರಮನೆಯ ಚಿತ್ರ ಇಂಥದ್ದನ್ನು ಹೇಳುವುದಿಲ್ಲ. ಕಲೆಯನ್ನು ಮೆಚ್ಚುವಾಗ ಇತಿಹಾಸವನ್ನೂ ಪಕ್ಕದಲ್ಲಿಟ್ಟುಕೊಳ್ಳಬೇಕು.

ಚಿತ್ರವನ್ನು ಮ್ಯೂಸಿಯಂನ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು. ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡಿ. ಮೊದಲು ಕೀಲಿಕೈ ಹುಡುಕಿ, ಆಮೇಲೆ ಹುಡುಗ ಸಿಕಂದರನನ್ನು. ಆ ಕೀಲಿಕೈ ಅವನವರೆಗೆ ಬಂದಾಗ ತೆರೆಯಲು ಉಳಿದಿದ್ದ ಬಾಗಿಲುಗಳು ಬಹಳ ಕಡಿಮೆ.